ಎರಡು ನಿಮಿಷದ ಗೋಧಿ, ಐದು ವರ್ಷದ ಅಡಿಕೆ



ಈ ಸಲದ ಗೋಡೆ ಪತ್ರಿಕೆಯಲ್ಲಿ ‘ನನಗೆ ತಿಳಿದ ವಿಷಯ’ ಅಂಕಣ ನನ್ನ ಪಾಲಿಗೆ ಬಂದಿದೆ. ಹೋದ ಸಲ ಇದೇ ಜಾಗದಲ್ಲಿ ಜೇನುಹುಳದ ಬಗ್ಗೆ ಬಂದಿತ್ತು. ಅದರ ಹಿಂದಿನ ಸಲ ಇಂಗುಗುಂಡಿ. ನನಗೆ ಅಷ್ಟು ದೊಡ್ಡ ವಿಷಯ ಯಾವುದೂ ಗೊತ್ತಿಲ್ಲ. ಮೊಬೈಲಿನಲ್ಲಿ ಆಡುವ ಬೇಸಾಯದ ಆಟ ಒಂದು ಗೊತ್ತು. ಅದನ್ನು ಬರೀಬಹುದಾ ಸಾರ್ ಅಂತ ಹೆದರಿಕೊಂಡೇ ಕೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಬರಿ. ಆದ್ರೆ ಆಡದೇ ಇದ್ದವರಿಗೂ ಅರ್ಥ ಆಗ್ಬೇಕು. ಬರೀ ಹೊಗಳಿ ಬರೀಬೇಡ” ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಆಟದ ಹೆಸರು ‘ಹೇ ಡೇ’. ಇಂಗ್ಲಿಷಿನಲ್ಲಿ ಹೇ ಅಂದರೆ ಒಣಹುಲ್ಲು. ನಮ್ಮ ಅಜ್ಜಮ್ಮನಿಗೆ ಕಿವಿ ಸ್ವಲ್ಪ ಮಂದ. “ಹೇಡಿ ಆಟವಾ? ಹೇಡಿಗಳ ಆಟ ನಿಂಗೆಂತಕ್ಕೆ ಮಾರಾಯ್ತಿ?” ಅಂತ ಕೇಳಿದರು. ಇದನ್ನು ಮಾಡಿದ್ದು ಫಿನ್ಲೆಂಡ್ ದೇಶದ ಸೂಪರ್‌ಸೆಲ್ ಎಂಬ ಕಂಪನಿ, 2012ರಲ್ಲಿ. ಫಿನ್ಲೆಂಡ್ ಯುರೋಪಿನ ಉತ್ತರ ತುದಿಯಲ್ಲಿದೆ. ನಮ್ಮ ಸಮಾಜ ವಿಜ್ಞಾನದ ಕೋಣೆಯ ನಕಾಶೆಯಲ್ಲಿ ಮೇಲುಗಡೆ ಹುಡುಕಿದರೆ ಸಿಗುತ್ತದೆ. ಚಳಿಗಾಲದಲ್ಲಿ ಅಲ್ಲಿ ನೆಲ ಪೂರ್ತಿ ಹಿಮ ಮುಚ್ಚಿರುತ್ತದೆ. ಅಂಥ ಊರಿನವರು ಮಾಡಿದ ತೋಟದಲ್ಲಿ ವರ್ಷವಿಡೀ ಬಿಸಿಲು. ಇದು ನನಗೆ ಮೊದಲ ದಿನವೇ ವಿಚಿತ್ರ ಅನ್ನಿಸಿತ್ತು.

ಈಗ ಆಟ ಹೇಗೆ ಅಂತ ಹೇಳುತ್ತೇನೆ. ನಿಮ್ಮ ಮಾವನೊಬ್ಬ ತನಗೆ ಇನ್ನು ನೋಡಿಕೊಳ್ಳಲು ಆಗುವುದಿಲ್ಲ ಎಂದು ಒಂದು ತೋಟವನ್ನು ನಿಮಗೆ ಬಿಟ್ಟುಕೊಡುತ್ತಾನೆ. ಗದ್ದೆಗೆ ನಿಲ್ಲಿಸುವ ಬೆರ್ಚಪ್ಪ ಬಂದು ಕೆಲಸ ಕಲಿಸುತ್ತದೆ. ಪರದೆಯ ಮೇಲೆ ಚೌಕ ಚೌಕವಾಗಿ ಹೊಲ. ಬೆರಳಿಟ್ಟು ಎಳೆದರೆ ಗೋಧಿ ಬಿತ್ತನೆ ಆಯಿತು. ಎರಡು ನಿಮಿಷ ಕಾದರೆ ಹಣ್ಣಾಗುತ್ತದೆ. ಕುಡುಗೋಲಿನ ಚಿತ್ರ ಎಳೆದರೆ ಕೊಯ್ಲು. ಮೆಕ್ಕೆಜೋಳಕ್ಕೆ ಐದು ನಿಮಿಷ, ಕಬ್ಬಿಗೆ ಅರ್ಧ ಗಂಟೆ. ಗೋಧಿ ಜೋಳ ಸೇರಿಸಿ ಕೋಳಿಗೆ ಮೇವು ಮಾಡಬೇಕು, ಮೇವು ಹಾಕಿದ 20 ನಿಮಿಷಕ್ಕೆ ಮೊಟ್ಟೆ. ಹಸು ಹಾಲು ಕೊಡಲು ಒಂದು ಗಂಟೆ. ಹಾಲು, ಮೊಟ್ಟೆ, ಬ್ರೆಡ್ಡು ಎಲ್ಲ ಮಾರಿದರೆ ನಾಣ್ಯ ಬರುತ್ತದೆ. ನಾಣ್ಯದಿಂದ ಇನ್ನಷ್ಟು ಹೊಲ, ಇನ್ನಷ್ಟು ಕೋಳಿ. ಹೀಗೇ ಸಾಗುತ್ತದೆ.

ಒಂದು ಕಾಳು ಬಿತ್ತಿದರೆ ಎರಡು ಕಾಳು ಸಿಗುತ್ತದೆ. ಇದು ಆಟದ ನಿಯಮ. ಗಣಿತದ ಪಿರಿಯಡ್ಡಿನಲ್ಲಿ ನಾನು ಒಂದು ಲೆಕ್ಕ ಮಾಡಿದೆ. ಒಂದು ಕಾಳಿನಿಂದ ಶುರು ಮಾಡಿ ಎರಡೆರಡು ನಿಮಿಷಕ್ಕೆ ಬಂದದ್ದನ್ನೆಲ್ಲ ಮತ್ತೆ ಬಿತ್ತುತ್ತಾ ಹೋದರೆ 20 ನಿಮಿಷದಲ್ಲಿ 1024 ಕಾಳು ಆಗಬೇಕು. ಆದರೆ ಹಾಗೆ ಆಗುವುದಿಲ್ಲ, ಯಾಕೆಂದರೆ ಅಷ್ಟು ಹೊಲ ಇರುವುದಿಲ್ಲ, ಮೊದಲಿಗೆ ಕಣಜದಲ್ಲಿ ಹಿಡಿಸುವುದೂ 50 ಮಾತ್ರ. ಈ ಲೆಕ್ಕ ಅಜ್ಜಮ್ಮನಿಗೆ ಹೇಳಿದೆ. ಅವರು ಒಂದು ಚೂರೂ ಆಶ್ಚರ್ಯ ಪಡಲಿಲ್ಲ. “ಒಂದಕ್ಕೆ ಎರಡೇ ಕೊಡೋ ಗದ್ದೆ ಯಾರಿಗೆ ಬೇಕು?” ಅಂದರು. ನಾನು ಕಣದಲ್ಲಿ ಬಿದ್ದಿದ್ದ ಒಂದು ಭತ್ತದ ತೆನೆ ತಂದು ಎಣಿಸಿದೆ. 118 ಕಾಳು ಇತ್ತು. ಒಂದು ಬುಡದಲ್ಲಿ ಅಂಥ ತೆನೆ ಎಷ್ಟೋ ಇರುತ್ತವೆ. ಆಟಕ್ಕಿಂತ ನಮ್ಮ ಗದ್ದೆಯೇ ಧಾರಾಳಿ ಅಂತ ನನಗೆ ಆವತ್ತು ಗೊತ್ತಾಯಿತು. ಆದರೆ ಮುಂಗಾರಿನಲ್ಲಿ ಸಸಿಮಡಿ ಮಾಡಿದರೆ ದೀಪಾವಳಿ ಕಳೆಯುವವರೆಗೂ ಕಾಯಬೇಕು, ಅಷ್ಟೆ. ಅಡಿಕೆಯಂತೂ ಕೇಳುವುದೇ ಬೇಡ. ನಾನು ಎರಡನೇ ತರಗತಿಯಲ್ಲಿದ್ದಾಗ ಅಪ್ಪಯ್ಯ ನೆಟ್ಟ ಸಸಿಯಲ್ಲಿ ಈ ವರ್ಷ ಮೊದಲ ಸಿಂಗಾರ ಕಂಡಿದೆ. ಐದು ವರ್ಷ!

ಬೇಸಾಯದ ಆಟ ಹುಟ್ಟಿದ್ದು ಹೇ ಡೇಯಿಂದಲ್ಲ. 1996ರಲ್ಲೇ ಜಪಾನಿನಲ್ಲಿ ‘ಹಾರ್ವೆಸ್ಟ್ ಮೂನ್’ ಅಂತ ಒಂದು ಬಂದಿತ್ತು. ಅದನ್ನು ಮಾಡಿದ ಯಾಸುಹಿರೊ ವಾಡಾ ಅವರು ಹಳ್ಳಿ ಕಡೆ ಬೆಳೆದು ಆಮೇಲೆ ಟೋಕಿಯೋ ಪೇಟೆ ಸೇರಿದವರು. ಪೇಟೆಯಲ್ಲಿದ್ದಾಗ ಊರಿನ ನೆನಪಾಗಿ ಅಂಥ ಆಟ ಮಾಡಿದರಂತೆ. ಅಮೆರಿಕದ ಎರಿಕ್ ಬರೋನ್ ಎಂಬುವರು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಚಿತ್ರ, ಸಂಗೀತ, ಕಥೆ ಎಲ್ಲ ತಾವೇ ಮಾಡಿ 2016ರಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಆಟ ಬಿಟ್ಟರು. 2009ರಿಂದ 2020ರವರೆಗೆ ಫೇಸ್‌ಬುಕ್ಕಿನಲ್ಲಿ ‘ಫಾರ್ಮ್‌ವಿಲ್’ ಅಂತ ಇನ್ನೊಂದು ಇತ್ತು. ಅದರಲ್ಲಿ ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬೆಳೆ ಬಾಡಿ ಹೋಗುತ್ತಿತ್ತು. ಹೇ ಡೇಯಲ್ಲಿ ಹಾಗಿಲ್ಲ. ಒಂದು ತಿಂಗಳು ಬಿಟ್ಟು ಬಂದರೂ ಗೋಧಿ ಹಾಗೇ ನಿಂತಿರುತ್ತದೆ. ಹಂದಿ ನುಗ್ಗುವುದಿಲ್ಲ, ಮಂಗ ಬರುವುದಿಲ್ಲ. ನಮ್ಮ ಸಾಗರದ ಭಾವ (ಅತ್ತೆ ಮಗ) ಇದೇ ಒಳ್ಳೆಯದು ಅನ್ನುತ್ತಾನೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಕಾಯುವ ಕೆಲಸವೇ ಇಲ್ಲದಿದ್ದರೆ ಬೇಸಾಯದಲ್ಲಿ ಅರ್ಧ ಕೆಲಸವೇ ಇಲ್ಲ ಅಂದ ಹಾಗೆ.

ಮಾವ ತೋಟ ಬಿಟ್ಟುಕೊಟ್ಟ ಕಥೆ ಕೇಳಿ ಅಜ್ಜಯ್ಯ ನಕ್ಕರು. “ಭೂಮಿ ಹಾಗೆಲ್ಲ ಸಿಗ್ತದಾ?” ಅಂದರು. ಸಾಗರದ ಹತ್ತಿರ ಕಾಗೋಡು ಅಂತ ಊರಿದೆ. ಅಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯಿಂದ ಶುರುವಾದ ತಕರಾರು 1951ರಲ್ಲಿ ದೊಡ್ಡ ಸತ್ಯಾಗ್ರಹ ಆಯಿತು. ಗೇಣಿದಾರರು ಜೈಲಿಗೆ ಹೋದರು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೆ ಒಳಗಾದರು. 1974ರಲ್ಲಿ ಭೂಸುಧಾರಣೆ ಕಾಯಿದೆ ಗಟ್ಟಿಯಾದ ಮೇಲೇ ನಮ್ಮಂಥ ಎಷ್ಟೋ ಮನೆಯವರಿಗೆ ಉಳುತ್ತಿದ್ದ ಗದ್ದೆ ಸ್ವಂತ ಆದದ್ದು. ಆಟದಲ್ಲಿ ಈ ಭಾಗ ಇಲ್ಲ.

ಇನ್ನು ಮುಖ್ಯ ವಿಷಯ. ಈ ಆಟವನ್ನು ಒಬ್ಬರೇ ಆಡಿದರೆ ಒಂದು ವಾರಕ್ಕೆ ಬೇಜಾರು ಬರುತ್ತದೆ. ಜೊತೆಯಲ್ಲಿ ಆಡಬೇಕು. ಇದರಲ್ಲಿ ಕೇರಿ ಕಟ್ಟಬಹುದು. ಒಂದು ಕೇರಿಯಲ್ಲಿ 30 ಮನೆಯವರೆಗೆ ಸೇರಬಹುದು. ನಮ್ಮ ಕೇರಿಯಲ್ಲಿ ಮೂರೇ ಮನೆ. ಗುರುತಿಲ್ಲದವರು ಒಳಗೆ ಬರದ ಹಾಗೆ ಬಾಗಿಲು ಹಾಕಿಕೊಂಡಿದ್ದೇವೆ. ಸಾಗರ ತಾಲ್ಲೂಕಿನ ಭಾವ ಒಬ್ಬ, ಹೊಸನಗರ ತಾಲ್ಲೂಕಿನ ನಾನು ಒಬ್ಬಳು, ಮೂರನೆಯವನು ತೀರ್ಥಹಳ್ಳಿ ಪೇಟೆಯಲ್ಲಿದ್ದಾನೆ. ಅವನು ನಿಮಗೆಲ್ಲ ಗೊತ್ತಿರುವವನೇ. ಐದನೇ ತರಗತಿವರೆಗೆ ನಮ್ಮ ಶಾಲೆಯಲ್ಲೇ ಇದ್ದ. ಆಟದಲ್ಲಿ ತನ್ನ ತೋಟಕ್ಕೆ ಅವನು ‘ಕೆರೆಮನೆ’ ಅಂತ ಹೆಸರು ಕೊಟ್ಟಿದ್ದಾನೆ. ನಾನೂ ಇಲ್ಲಿ ಕೆರೆಮನೆಯವನು ಅಂತಲೇ ಬರೆಯುತ್ತೇನೆ.

ಕೇರಿಯವರು ಒಬ್ಬರಿಗೊಬ್ಬರು ಮಾಡಬಹುದಾದ ಸಹಾಯ ಸುಮಾರಿದೆ. ಆಟದಲ್ಲಿ ಒಂದು ದೋಣಿ ಬರುತ್ತದೆ. ಇಷ್ಟು ಪೆಟ್ಟಿಗೆ ಜೋಳ, ಇಷ್ಟು ಪೆಟ್ಟಿಗೆ ಬೆಣ್ಣೆ ತುಂಬಿಸಿ ಅಂತ ಕೇಳುತ್ತದೆ. ಗೊತ್ತಾದ ಹೊತ್ತಿನವರೆಗೆ ಮಾತ್ರ ಕಾಯುತ್ತದೆ. ಭಾವ ಇದನ್ನು ನಮಗೆ ಹೊಳೆಬಾಗಿಲಿನ ಲಾಂಚಿನ ಹೋಲಿಕೆ ಕೊಟ್ಟು ಹೇಳಿಕೊಟ್ಟಿದ್ದ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವ ಮೊದಲು ಅವರ ನೆಂಟರ ಮನೆಗೆ ಹೋಗುವಾಗ ಸಂಜೆ ಕೊನೇ ಲಾಂಚ್ ತಪ್ಪಿದರೆ ಆಚೆ ದಡ ಕಾಣುತ್ತಿದ್ದರೂ ಈಚೆಯೇ ಉಳಿಯಬೇಕಿತ್ತಂತೆ. ಹಾಗೇ ಇದೂ. ಒಬ್ಬರಿಂದ ತುಂಬಿಸಲು ಆಗದಿದ್ದರೆ ಪೆಟ್ಟಿಗೆಗೆ ‘ಸಹಾಯ ಬೇಕು’ ಅಂತ ಗುರುತು ಹಾಕಬಹುದು. ಆಗ ಕೇರಿಯವರು ತಮ್ಮ ಕಣಜದಿಂದ ತುಂಬುತ್ತಾರೆ. ಒಂದು ಸಲ ನಾನು ನಾಣ್ಯದ ಆಸೆಗೆ ಬಿತ್ತನೆಗೂ ಉಳಿಸದೆ ಎಲ್ಲ ಗೋಧಿಯನ್ನೂ ಮಾರಿಬಿಟ್ಟೆ. ಹೊಲ ಖಾಲಿ, ಕಣಜ ಖಾಲಿ. ಕೆರೆಮನೆಯವನು ತನ್ನ ರಸ್ತೆ ಬದಿ ಅಂಗಡಿಯಲ್ಲಿ ಹತ್ತು ಗೋಧಿ ಕಡಿಮೆ ಬೆಲೆಗೆ ಇಟ್ಟು ನನ್ನನ್ನು ಉಳಿಸಿದ. “ಬಿತ್ತನೆ ಬೀಜ ಮಾರ್ಕೊಂಡ ಗೌಡ್ತಿ” ಅಂತ ಇಬ್ಬರೂ ಒಂದು ವಾರ ತಮಾಷೆ ಮಾಡಿದರು. ಈ ಮಾತೆಲ್ಲ ನಡೆಯುವುದು ಆಟದ ಒಳಗೇ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆದು.

ಇನ್ನೊಂದು ಸಹಾಯ ಮರದ್ದು. ಸೇಬಿನ ಮರ ಕೆಲವು ಸಲ ಹಣ್ಣು ಕೊಟ್ಟ ಮೇಲೆ ಒಣಗುತ್ತದೆ. ಮರದ ಯಜಮಾನ ಏನು ಮಾಡಿದರೂ ಅದು ಚಿಗುರುವುದಿಲ್ಲ. ಕಡಿಯಬೇಕು, ಇಲ್ಲವೇ ಅದಕ್ಕೆ ಸಹಾಯದ ಗುರುತು ಹಾಕಿ ಕಾಯಬೇಕು. ಬೇರೆಯವರು ಬಂದು ಮುಟ್ಟಿದರೆ ಮಾತ್ರ ಮತ್ತೆ ಹಸಿರಾಗಿ ಇನ್ನೊಂದು ಬೆಳೆ ಕೊಡುತ್ತದೆ. ನಮ್ಮ ಮರವನ್ನು ನಾವೇ ಬದುಕಿಸಿಕೊಳ್ಳಲು ಬರುವುದಿಲ್ಲ ಎಂಬ ಈ ನಿಯಮ ಯಾರು ಯೋಚಿಸಿದರೋ, ನನಗೆ ಇಡೀ ಆಟದಲ್ಲಿ ಇದೇ ಬಹಳ ಇಷ್ಟ.

ಇದನ್ನು ಅಪ್ಪಯ್ಯನಿಗೆ ತೋರಿಸಿದಾಗ, “ಇದು ನಮ್ಮ ಮುಯ್ಯಾಳಲ್ಲವಾ?” ಅಂದರು. ಚಿಕ್ಕ ತರಗತಿಯವರಿಗೆ ಮುಯ್ಯಾಳು ಗೊತ್ತಿಲ್ಲದೇ ಇರಬಹುದು, ಅದಕ್ಕೆ ವಿವರಿಸುತ್ತೇನೆ. ನಮ್ಮ ಮನೆಯ ನೆಟ್ಟಿಗೆ ನಿಮ್ಮ ಮನೆಯಿಂದ ಇಬ್ಬರು ಎರಡು ದಿನ ಬಂದರೆ ನಾಲ್ಕು ಆಳು ಆಯಿತು. ನಿಮ್ಮ ಮನೆಯ ಕೆಲಸಕ್ಕೆ ನಾವು ನಾಲ್ಕು ಆಳು ಬರಬೇಕು. ದುಡ್ಡು ಕೊಡುವ ಹಾಗಿಲ್ಲ. ಊಟ, ಕಾಫಿ ಕೆಲಸ ಇರುವ ಮನೆಯದು. ಲೆಕ್ಕ ಎಲ್ಲೂ ಬರೆಯುವುದಿಲ್ಲ, ಆದರೆ ಎರಡು ಮನೆಯವರಿಗೂ ಬಾಯಲ್ಲೇ ಇರುತ್ತದೆ. ನೆಟ್ಟಿ, ಕೊಯ್ಲು, ಸೊಪ್ಪು ತರುವುದು, ರಾತ್ರಿ ಕೂತು ಅಡಿಕೆ ಸುಲಿಯುವುದು, ಎಲ್ಲದಕ್ಕೂ ಮುಯ್ಯಾಳೇ ಇತ್ತಂತೆ. ಈಗ ಗದ್ದೆಗೆ ಟಿಲ್ಲರ್ ಬಂದಿದೆ, ಎಷ್ಟೋ ಗದ್ದೆ ಅಡಿಕೆ ತೋಟ ಆಗಿದೆ, ದೊಡ್ಡ ಅಣ್ಣಂದಿರು ಬೆಂಗಳೂರಿನಲ್ಲಿದ್ದಾರೆ. ನಮ್ಮ ಕೇರಿಯಲ್ಲಿ ಮುಯ್ಯಾಳು ಮಾಡುವ ಮನೆ ಈಗ ಮೂರೋ ನಾಲ್ಕೋ.

ಕೆರೆಮನೆಯವನು ಯಾಕೆ ಊರು ಬಿಟ್ಟ ಅಂತ ಕೆಲವರು ಏನೇನೋ ಹೇಳುತ್ತಾರೆ. ಕಾರಣ ಎಲೆಚುಕ್ಕಿ ರೋಗ. ಇದು ಶಿಲೀಂಧ್ರದಿಂದ ಬರುವ ರೋಗ. ಅಡಿಕೆ ಮರದ ಸೋಗೆಯ ಮೇಲೆ ಮೊದಲು ಸಣ್ಣ ಚುಕ್ಕಿ, ಸುತ್ತ ಹಳದಿ ಬಣ್ಣ. ಚುಕ್ಕಿಗಳು ಕೂಡಿಕೊಂಡು ಸೋಗೆ ಬೆಂಕಿ ತಾಗಿದ ಹಾಗೆ ಒಣಗುತ್ತದೆ. ಗಾಳಿ ಮಳೆಯಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಹೋಗುತ್ತದೆ. ಮರ ತಕ್ಷಣ ಸಾಯುವುದಿಲ್ಲ, ಆದರೆ ಎಲೆ ಹೋದ ಮೇಲೆ ಬೆಳೆ ಎಲ್ಲಿಂದ ಬರಬೇಕು? ಹೊಸನಗರ, ತೀರ್ಥಹಳ್ಳಿ ಕಡೆ 2022ರ ಹೊತ್ತಿಗೆ ಬಹಳ ತೋಟಗಳಿಗೆ ಹಬ್ಬಿತ್ತು. ಕೊಳೆರೋಗ ಆದರೆ ಅದಕ್ಕೆ ಹಳೆಯ ಮದ್ದು ಇದೆ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಇದೇ ಬೋರ್ಡೋ ದ್ರಾವಣ. ಸರಿಯಾಗಿದೆಯಾ ಅಂತ ನೋಡಲು ಕತ್ತಿಯ ಅಲಗು ಅದ್ದುತ್ತಾರೆ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಎಲೆಚುಕ್ಕಿಗೆ ಬರೀ ಔಷಧಿ ಹೊಡೆದರೆ ಸಾಲದು, ರೋಗದ ಸೋಗೆ ಕಡಿದು ತೋಟದಿಂದ ಹೊರಗೆ ಹಾಕಿ ಸುಡಬೇಕು. ಅದಕ್ಕೆ ಆಳು ಬೇಕು. ಒಬ್ಬರ ತೋಟ ಚೊಕ್ಕ ಮಾಡಿ ಪಕ್ಕದ ತೋಟ ಹಾಗೇ ಬಿಟ್ಟರೆ ಮತ್ತೆ ಬರುತ್ತದೆ. ಕೆರೆಮನೆಯವರಿಗೆ ಎರಡು ವರ್ಷ ಬೆಳೆ ಹೋಯಿತು. ಅವನ ಅಪ್ಪ ತೀರ್ಥಹಳ್ಳಿಯಲ್ಲಿ ಒಂದು ಅಂಗಡಿಗೆ ಕೆಲಸಕ್ಕೆ ಸೇರಿದರು. ಮನೆಗೆ ಬೀಗ ಬಿತ್ತು.

ಅವನು ಹೋದ ಮೇಲೆ ಬೇಸಿಗೆ ರಜೆಯಲ್ಲಿ ಭಾವ ಈ ಆಟ ತೋರಿಸಿದ. ಮೂವರೂ ಆಡಲು ಹಿಡಿದೆವು. ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ, ಬಸ್ ನಿಲ್ಲುವ ಜಾಗದ ಮೇಲಿನ ದಿಬ್ಬ ಹತ್ತಬೇಕು. ಅಮ್ಮನ ಮೊಬೈಲು, ಅರ್ಧ ಗಂಟೆ. ಆಟದಲ್ಲಿ ವಜ್ರ ಅಂತ ಇದೆ, ಅದನ್ನು ನಿಜವಾದ ದುಡ್ಡು ಕೊಟ್ಟು ಕೊಂಡರೆ ಕಾಯುವುದೇ ಬೇಡ. ಅಮ್ಮ ದುಡ್ಡು ಕಳಿಸುವ ಆಪ್‌ಗೆ ಬೇರೆ ಬೀಗ ಹಾಕಿದ್ದಾರೆ. ಆಡುವವರ ಮನೆಯಲ್ಲೆಲ್ಲ ಹಾಗೆ ಮಾಡುವುದು ಒಳ್ಳೆಯದು.

ಹೋದ ಮಳೆಗಾಲದಲ್ಲಿ ಮೂರು ವಾರ ಕೆರೆಮನೆಯವನು ಆಟಕ್ಕೆ ಬರಲೇ ಇಲ್ಲ. ಅವನ ತೋಟಕ್ಕೆ ಹೋಗಿ ನೋಡಿದೆ. ಗೋಧಿ ಹಣ್ಣಾಗಿ ಹಾಗೇ ನಿಂತಿತ್ತು. ನಾಲ್ಕು ಸೇಬಿನ ಮರ ಒಣಗಿ ನಾಲ್ಕಕ್ಕೂ ಸಹಾಯದ ಗುರುತು ಇತ್ತು. ಎಲ್ಲವನ್ನೂ ಮುಟ್ಟಿ ಚಿಗುರಿಸಿದೆ. ನಾಲ್ಕು ಮರಕ್ಕೆ ಒಂದು ನಿಮಿಷವೂ ಆಗಲಿಲ್ಲ. ದಿಬ್ಬದಿಂದ ಇಳಿಯುವಾಗ ಕೆಳಗೆ ಅವರ ನಿಜವಾದ ತೋಟ ಕಾಣುತ್ತದೆ. ಆವತ್ತೂ ಕಂಡಿತು. ಮರದ ತಲೆಗಳು ಹಳದಿಯಾಗಿದ್ದವು, ಕೆಳಗೆ ಹಾಳೆ, ಸೋಗೆ ಬಿದ್ದು ಕಾಲಿಡಲು ಜಾಗ ಇರಲಿಲ್ಲ. ದಿನಾ ಅದೇ ದಾರಿಯಲ್ಲಿ ಓಡಾಡುತ್ತಿದ್ದೆ. ನೋಡಿದ್ದು ಮಾತ್ರ ಆವತ್ತೇ.

ರಾತ್ರಿ ಊಟಕ್ಕೆ ಕೂತಾಗ ಅಪ್ಪಯ್ಯನಿಗೆ ಹೇಳಿದೆ. ಬೈಯಬಹುದು ಅಂದುಕೊಂಡಿದ್ದೆ. ಅವರು ಅನ್ನ ಕಲಸುತ್ತಾ, “ಅವರದ್ದು ಮೂರು ಆಳು ನಮ್ಮ ಮೇಲೆ ಬಾಕಿ ಉಂಟು” ಅಂದರು. ಊರು ಬಿಡುವ ವರ್ಷ ಅವರು ನಮ್ಮ ತೋಟದ ಕೆಲಸಕ್ಕೆ ಬಂದಿದ್ದರಂತೆ. ತೀರಿಸುವ ಮೊದಲೇ ಹೋಗಿಬಿಟ್ಟರು. “ಕೇಳೋಕೆ ಅವರಿಗೆ ಸಂಕೋಚ, ಹೇಳೋಕೆ ನಂಗೆ ಸಂಕೋಚ” ಅಂದರು. ಅಮ್ಮ, “ಸಂಕೋಚ ಕಟ್ಟಿಡಿ, ಫೋನ್ ಮಾಡಿ” ಅಂದರು.

ಗೌರಿ ಹಬ್ಬಕ್ಕೆ ಮುಂಚೆ ಮಳೆ ಎರಡು ದಿನ ಹೊಳವು ಕೊಟ್ಟಿತು. ಕೆರೆಮನೆಯವನೂ ಅವನ ಅಪ್ಪ ಅಮ್ಮನೂ ಬೆಳಗಿನ ಮೊದಲ ಬಸ್ಸಿಗೆ ಬಂದರು. ನಮ್ಮ ಮನೆಯಿಂದ ಅಪ್ಪಯ್ಯ, ಅಮ್ಮ, ನಾನು. ದೊಡ್ಡವರು ದೋಟಿಯಲ್ಲಿ ರೋಗದ ಸೋಗೆ ಕಡಿದು ಹಾಕಿದರು, ನಾವಿಬ್ಬರೂ ಎಳೆದು ತೋಟದ ಹೊರಗೆ ರಾಶಿ ಮಾಡಿದೆವು. ಒದ್ದೆ ಸೋಗೆ ಎಷ್ಟು ಭಾರ ಅಂತ ಎಳೆದವರಿಗೇ ಗೊತ್ತು. ಕಾಲಿಗೆ ಸುಣ್ಣ, ಉಪ್ಪು ಹಚ್ಚಿಕೊಂಡರೂ ಉಂಬಳ ಬಿಡಲಿಲ್ಲ. ನನಗೆ 14, ಅವನಿಗೆ 11 ಹತ್ತಿದ್ದವು, ಈ ಒಂದರಲ್ಲಿ ನಾನೇ ಗೆದ್ದೆ. ಆಟಕ್ಕೆ ಯಾಕೆ ಬರುತ್ತಿಲ್ಲ ಅಂತ ಮಧ್ಯಾಹ್ನ ಕೇಳಿದೆ. ಅಪ್ಪ ಮನೆ ಕಡೆಯ ತೋಟ ಯಾರಿಗಾದರೂ ಕೊಟ್ಟುಬಿಡುವ ಮಾತಾಡುತ್ತಿದ್ದರು, ಆವತ್ತಿಂದ ಮೊಬೈಲಿನಲ್ಲಿ ಆ ಹೆಸರು ನೋಡಲು ಮನಸ್ಸಾಗಲಿಲ್ಲ ಅಂದ. ನನಗೆ ಏನು ಹೇಳಬೇಕೋ ತಿಳಿಯದೆ ಇನ್ನೊಂದು ಸೋಗೆ ಎಳೆದೆ.

ಎರಡನೇ ದಿನ ಔಷಧಿ ಹೊಡೆಯುವಾಗ ನಮ್ಮನ್ನು ಹತ್ತಿರ ಸೇರಿಸಲಿಲ್ಲ. ಜಗಲಿಯಲ್ಲಿ ಕೂತು ನೋಡಿದೆವು. ಆಟದ ಮರದ ಹಾಗೆ ಯಾವುದೂ ತಕ್ಷಣ ಹಸಿರಾಗಲಿಲ್ಲ. ಸೋಗೆ ಕಡಿದ ಮೇಲೆ ತೋಟ ಮೊದಲಿಗಿಂತ ಬೋಳಾಗಿ ಕಾಣುತ್ತಿತ್ತು. ಹೊಸ ಸುಳಿ ಚುಕ್ಕಿ ಇಲ್ಲದೆ ಬಿಚ್ಚುತ್ತದಾ ಅಂತ ಮುಂದಿನ ಮಳೆಗಾಲದಲ್ಲಿ ಗೊತ್ತಾಗಬೇಕು. ಆದರೆ ಈ ವರ್ಷಕ್ಕೆ ತೋಟ ಯಾರಿಗೂ ಕೊಡುವುದಿಲ್ಲ ಅಂತ ಅವನ ಅಪ್ಪ ಕಾಫಿ ಕುಡಿಯುವಾಗ ಹೇಳಿದರು.

ಹೊರಡುವಾಗ ಲೆಕ್ಕ ಆಯಿತು. ಅಪ್ಪಯ್ಯ, ಅಮ್ಮ ಎರಡು ದಿನ, ನಾಲ್ಕು ಆಳು. ಬಾಕಿ ಇದ್ದದ್ದು ಮೂರು. ನಾನು, “ನನ್ನದೂ ಅರ್ಧ ಆಳು ಹಿಡಿಯಿರಿ” ಅಂದೆ. ಎಲ್ಲರೂ ನಕ್ಕರು, ಆದರೆ ಅವನ ಅಪ್ಪ ನಗಲಿಲ್ಲ, “ಹೌದು, ಅರ್ಧ ಆಳು” ಅಂದರು. ಹಾಗಾಗಿ ಈಗ ಅವರು ನಮಗೆ ಒಂದೂವರೆ ಆಳು. ಒಂದಕ್ಕೆ ಅವನ ಅಪ್ಪ, ಅರ್ಧಕ್ಕೆ ತಾನು, ಅಡಿಕೆ ಸುಲಿಯುವಾಗ ಬರುತ್ತೇವೆ ಅಂತ ಹೇಳಿ ಬಸ್ಸು ಹತ್ತಿದ. ನಾಲ್ಕು ಸೇಬಿನ ಮರ ಚಿಗುರಿಸಿದ್ದನ್ನು ನಾನು ಲೆಕ್ಕಕ್ಕೆ ಸೇರಿಸಲು ನೋಡಿದೆ. ಅದಕ್ಕೆಲ್ಲ ಮುಯ್ಯಿ ಇಲ್ಲವಂತೆ.

— ಏಳನೇ ತರಗತಿ